ಒಂದು ಸಿಡಿಗೆ ಒಂದೇ ಫೈಲೋ, ರಾಗಕ್ಕೊಂದು ಫೈಲೋ? ಅಪ್ಪನ ಸಿಡಿಗಳನ್ನು ಜೋಡಿಸಬೇಕಿದೆ

ತಂಬೂರಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಅಪ್ಪ ಕೂಡಿಟ್ಟ 212 ಸಿಡಿಗಳು ಮನೆಯಲ್ಲಿವೆ. ಬಹುತೇಕ ಹಿಂದೂಸ್ತಾನಿ ಗಾಯನ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು, ಹೀಗೆ ನಮ್ಮ ಕಡೆಯವರೇ ಜಾಸ್ತಿ. ಒಂದು ಟ್ರಂಕ್ ತುಂಬ ಕ್ಯಾಸೆಟ್‌ಗಳೂ ಇವೆ. ಹೋದ ಮಳೆಗಾಲದಲ್ಲಿ ಟ್ರಂಕ್ ತೆಗೆದು ನೋಡಿದರೆ ನಾಲ್ಕು ಕ್ಯಾಸೆಟ್‌ಗಳ ರೀಲಿಗೆ ಬಿಳಿ ಬೂಷ್ಟು ಹಿಡಿದಿತ್ತು. ಸಾಧನಕೇರಿ ಕಡೆ ಜಿಟಿಜಿಟಿ ಮಳೆ ಹಿಡಿದರೆ ಗೋಡೆಯೇ ಬೆವರುತ್ತದೆ, ಇನ್ನು ಟೇಪಿನ ಪಾಡೇನು. ಅವತ್ತೇ ಕೆಲಸ ಶುರು ಮಾಡಿದೆ.

ಈವರೆಗೆ 40 ಸಿಡಿ ರಿಪ್ ಆಗಿವೆ, ಅಂದರೆ ಕಂಪ್ಯೂಟರಿಗೆ ನಕಲಾಗಿವೆ. ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ತಂತ್ರಾಂಶದಲ್ಲಿ ಒಂದು ಸಿಡಿಗೆ ಒಂದೇ ಫ್ಲಾಕ್ ಫೈಲು (ಸದ್ದು ಕಳೆಯದೆ ಚಿಕ್ಕದಾಗಿಸಿದ ಫೈಲು), ಪಕ್ಕದಲ್ಲಿ ಒಂದು ಕ್ಯೂ ಫೈಲು (ಯಾವ ಟ್ರ್ಯಾಕ್ ಎಲ್ಲಿ ಶುರು ಅಂತ ಬರೆದಿಟ್ಟ ಪಟ್ಟಿ). ಕಂಪ್ಯೂಟರಿನಲ್ಲಿ ಫೂಬಾರ್ ಪ್ಲೇಯರಿಗೆ ಹಾಕಿದರೆ ರಾಗಗಳು ಬೇರೆ ಬೇರೆಯಾಗಿ ಚೆನ್ನಾಗಿ ಕಾಣುತ್ತವೆ. ತೊಂದರೆ ಇರುವುದು ಅಮ್ಮನ ಫೋನಿನಲ್ಲಿ. ಅಮ್ಮ ಬೆಳಿಗ್ಗೆ ಐದೂವರೆಗೆ ಎದ್ದು ತೋಡಿ ಕೇಳಬೇಕು. ಫೋನಿನಲ್ಲಿ ಕಾಣುವುದು 68 ನಿಮಿಷದ ಒಂದೇ ಒಂದು ಪಟ್ಟಿ. "ಇದರಾಗ ತೋಡಿ ಎಲ್ಲಿ ಅದ?" ಅಂತ ಬೆರಳಿನಿಂದ ಎಳೆಯುತ್ತಾಳೆ. ಒಮ್ಮೆ ಮುಂದೆ ಹೋಗುತ್ತದೆ, ಒಮ್ಮೆ ಹಿಂದೆ. ಕೊನೆಗೆ ಬೇಸರ ಮಾಡಿಕೊಂಡು ಫೋನ್ ಇಟ್ಟುಬಿಡುತ್ತಾಳೆ.

ಎಲ್ಲವನ್ನೂ ಟ್ರ್ಯಾಕ್ ಟ್ರ್ಯಾಕ್ ಆಗಿ ಕತ್ತರಿಸಲೇ? ಕತ್ತರಿಸಿದರೆ ವಿಲಂಬಿತ (ನಿಧಾನದ ಭಾಗ) ಮುಗಿದು ದ್ರುತ್ (ವೇಗದ ಭಾಗ) ಶುರುವಾಗುವ ಕಡೆ ನಡುವೆ ಸದ್ದು ನಿಂತುಹೋಗುತ್ತದೆ ಅನ್ನುವ ಭಯ. ಇನ್ನೂ 172 ಸಿಡಿ ಬಾಕಿ ಇವೆ. ಈಗಲೇ ಒಂದು ದಾರಿ ಹಿಡಿಯಬೇಕು.


ದುರ್ಗದಬೈಲ್, ಹುಬ್ಬಳ್ಳಿ

ತಂಬೂರಿಯವರೇ, ನೀವು ಹಿಡಿದ ದಾರಿ ಸರಿ ಇದೆ. ಬಿಡಬೇಡಿ.

ಸಿಡಿ ಮೇಲಿರುವುದು ಒಂದು ಉದ್ದನೆಯ ಎಳೆ. ಟ್ರ್ಯಾಕ್ ಅನ್ನುವುದು ಆ ಎಳೆಯ ಮೇಲೆ ಹಾಕಿದ ಗುರುತು, ಅಷ್ಟೇ. ಕ್ಯೂ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ನಿಮಿಷ, ಸೆಕೆಂಡು, ಫ್ರೇಮು ಅಂತ ಮೂರು ಅಂಕಿ ಇರುತ್ತವೆ. ಸಿಡಿಯಲ್ಲಿ ಒಂದು ಸೆಕೆಂಡಿಗೆ 75 ಫ್ರೇಮು. ಅಷ್ಟು ಕರಾರುವಾಕ್ಕಾಗಿ ಗುರುತು ಸಿಗುತ್ತದೆ. ಇಡೀ ಸಿಡಿ ಒಂದೇ ಫೈಲಾಗಿದ್ದರೆ ಟ್ರ್ಯಾಕುಗಳ ನಡುವಿನ ಮೌನ, ಚಪ್ಪಾಳೆ, ನಿರೂಪಕರ ಮಾತು ಎಲ್ಲವೂ ಇದ್ದಲ್ಲೇ ಇರುತ್ತವೆ. ಬೇಕಾದರೆ ಅದರಿಂದ ಮತ್ತೆ ಅಂಥದ್ದೇ ಸಿಡಿ ಬರೆಯಬಹುದು.

ಫೋನಿನ ತೊಂದರೆ ಪ್ಲೇಯರಿನ ತೊಂದರೆ. ಪವರ್‌ಆಂಪ್ ಅನ್ನುವ ಆ್ಯಪ್ ಕ್ಯೂ ಓದುತ್ತದೆ. ಅಮ್ಮನಿಗೆ ಅದನ್ನು ಹಾಕಿಕೊಡಿ.


ಚಿಗರಿ ಪ್ರಯಾಣಿಕ, ಧಾರವಾಡ

ನಾನು ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ. ಒಂದು ದೊಡ್ಡ ಖ್ಯಾಲ್ ಕೇಳಲು ಸರಿಯಾದ ದಾರಿ ಅದು. ನನ್ನ ಹತ್ತಿರವೂ ಮೊದಲು ಎಲ್ಲ ಒಂದೇ ಫೈಲಿನಲ್ಲಿ ಇದ್ದವು. ನವನಗರದ ಹತ್ತಿರ ಒಂದು ಫೋನ್ ಬಂತು ಅಂದರೆ ಮುಗೀತು. ಮಾತಾಡಿ ವಾಪಸ್ ಬಂದರೆ ನನ್ನ ಫೋನಿನ ಪ್ಲೇಯರ್ ಮೊದಲಿನಿಂದ ಹಾಡುತ್ತದೆ. 50 ನಿಮಿಷದ ಹತ್ತಿರ ಎಲ್ಲಿದ್ದೆ ಅಂತ ಹುಡುಕುವುದರಲ್ಲೇ ಜುಬಿಲಿ ಸರ್ಕಲ್ ಬಂದಿರುತ್ತದೆ. ರಾಗಕ್ಕೊಂದು ಫೈಲು ಮಾಡಿಕೊಂಡ ಮೇಲೆ ಸುಖವಾಗಿದ್ದೇನೆ.


ಹಳೇ ಟೇಪ್, ಹುಬ್ಬಳ್ಳಿ

ತಂಗಿ, ಮೊದಲು ನಿನ್ನ ಭಯದ ಮಾತು. ನಡುವೆ ಸದ್ದು ನಿಲ್ಲುತ್ತದೆ ಅಂತ ಹೇಳಿದೆಯಲ್ಲ, ಅದು ಎಂಪಿ3 ಕಾಲದ ಭಯ. ಎಂಪಿ3ಯಲ್ಲಿ ಸದ್ದನ್ನು 1152 ಸ್ಯಾಂಪಲ್‌ಗಳ (ಸದ್ದಿನ ಅತಿ ಚಿಕ್ಕ ಅಳತೆಗಳ) ತುಂಡುಗಳಾಗಿ ಕಟ್ಟುತ್ತಾರೆ. ಒಂದು ತುಂಡು ಅಂದರೆ ಸುಮಾರು 26 ಮಿಲಿಸೆಕೆಂಡ್. ಹಾಡು ಸರಿಯಾಗಿ ತುಂಡಿನ ಅಂಚಿಗೇ ಮುಗಿಯುವುದಿಲ್ಲ, ಉಳಿದ ಜಾಗಕ್ಕೆ ಮೌನ ತುಂಬುತ್ತಾರೆ. ಶುರುವಿನಲ್ಲೂ ಸ್ವಲ್ಪ ಮೌನ ಸೇರುತ್ತದೆ. ಎಷ್ಟು ಸೇರಿದೆ ಅಂತ ಎಂಪಿ3 ಮಾಡುವ ಲೇಮ್ ತಂತ್ರಾಂಶ ಬರೆದಿಡುತ್ತದೆ, ಆದರೆ ಅದನ್ನು ಓದಿ ಬಿಟ್ಟುಬಿಡುವ ಬುದ್ಧಿ ಎಲ್ಲ ಪ್ಲೇಯರ್‌ಗಳಿಗೆ ಇರುವುದಿಲ್ಲ. ತಂಬೂರಿಯ ನಾದ ಸತತವಾಗಿ ಹರಿಯುವಾಗ ಅಷ್ಟು ಚಿಕ್ಕ ಮೌನವೂ ಕಲ್ಲು ಎಡವಿದ ಹಾಗೆ ಕೇಳುತ್ತದೆ.

ಫ್ಲಾಕಿನಲ್ಲಿ ಇದಿಲ್ಲ. ಯಾವ ಸ್ಯಾಂಪಲ್‌ಗೆ ಕತ್ತರಿಸಿದರೂ ಅಲ್ಲಿಗೇ ಮುಗಿಯುತ್ತದೆ, ಮುಂದಿನದು ಅಲ್ಲಿಂದಲೇ ಶುರು. ನನ್ನ ಮಾತು ನಂಬಬೇಡ, ನೀನೇ ಪರೀಕ್ಷೆ ಮಾಡು. ಪ್ರತಿ ಫ್ಲಾಕ್ ಫೈಲಿನ ತಲೆಯಲ್ಲಿ ಒಳಗಿನ ಸದ್ದಿನ ಎಂಡಿ5 ಅಂಕಿ (ಬೆರಳಚ್ಚಿನಂಥ ಗುರುತು) ಇರುತ್ತದೆ. ಒಂದು ಸಿಡಿಯನ್ನು ಟ್ರ್ಯಾಕುಗಳಾಗಿ ಕತ್ತರಿಸು. ಆಮೇಲೆ ಮತ್ತೆ ಜೋಡಿಸಿ ಒಂದೇ ಫೈಲು ಮಾಡು. ಮೊದಲಿನ ಅಂಕಿ, ಈಗಿನ ಅಂಕಿ ಎರಡೂ ಒಂದೇ ಬಂದರೆ ಒಂದು ಹನಿ ಸದ್ದೂ ಕಳೆದಿಲ್ಲ ಅಂತ ಅರ್ಥ. ನಾನು ಶುರುವಿನಲ್ಲಿ ಹತ್ತಾರು ಸಿಡಿಗೆ ಹೀಗೆ ಮಾಡಿ ನೋಡಿದೆ. ಪ್ರತಿ ಸಲ ತಾಳೆಯಾಯಿತು.

ದುರ್ಗದಬೈಲ್ ಅವರು ಸಿಡಿಯನ್ನೇ ಒಂದು ಅಖಂಡ ವಸ್ತು ಅಂತ ನೋಡುತ್ತಾರೆ. ಸಿನಿಮಾ ಹಾಡಿನ ಸಿಡಿಗೆ, ಪಾಶ್ಚಾತ್ಯ ಸಂಗೀತದ ಆಲ್ಬಮ್‌ಗೆ ಅದು ಸರಿ ಇರಬಹುದು. ನಮ್ಮ ಸಂಗೀತಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಸಿಡಿಯಲ್ಲಿ ಜಾಗ 74 ನಿಮಿಷ, ಹೆಚ್ಚೆಂದರೆ 80. ಕಂಪನಿಯವರು ಆ ಜಾಗ ತುಂಬಿಸಲು ಒಂದು ತೋಡಿ, ಒಂದು ಮಾರ್ವಾ, ಕೊನೆಗೆ ಒಂದು ಭೈರವಿ ಸೇರಿಸುತ್ತಾರೆ. ಬೆಳಗಿನ ರಾಗ, ಸಂಜೆಯ ರಾಗ ಒಂದೇ ತಟ್ಟೆಯಲ್ಲಿ. ಯಾವ ಬೈಠಕ್ಕಿನಲ್ಲೂ ಹಾಡುವವರು ಹಾಗೆ ಹಾಡುವುದಿಲ್ಲ, ಕೇಳುವವರೂ ಹಾಗೆ ಕೇಳುವುದಿಲ್ಲ. ನಿಮ್ಮ ಅಮ್ಮ ಐದೂವರೆಗೆ ತೋಡಿ ಹುಡುಕುತ್ತಾರಲ್ಲ, ಸಂಗೀತ ಗೊತ್ತಿದ್ದವರು ಹುಡುಕುವುದೇ ಹಾಗೆ. ಅವರಿಗೆ ಬೇಕಾದದ್ದು ಸಿಡಿ ಅಲ್ಲ, ರಾಗ. ಫೈಲು ರಾಗದ ಲೆಕ್ಕಕ್ಕೆ ಇರಬೇಕು.


ಬೆಟಗೇರಿ, ಗದಗ

ಕಾಕಾ ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ನಾನು ತಬಲಾ ಕಲಿಯುತ್ತಿದ್ದೇನೆ.

ಅಕ್ಕಾ, ರಾಗಕ್ಕೊಂದು ಫೈಲು ಬೇರೆ, ಟ್ರ್ಯಾಕಿಗೊಂದು ಫೈಲು ಬೇರೆ. ಇದನ್ನು ನೋಡಿಕೊಳ್ಳಿ. ಅನೇಕ ಸಿಡಿಗಳಲ್ಲಿ ವಿಲಂಬಿತ ಟ್ರ್ಯಾಕ್ 1, ಅದೇ ರಾಗದ ದ್ರುತ್ ಟ್ರ್ಯಾಕ್ 2 ಆಗಿರುತ್ತದೆ. ಆ ಗುರುತು ಹಾಕಿದವರು ಎಲ್ಲ ಸಲ ಸಮ್ (ತಾಳದ ಮೊದಲ ಮಾತ್ರೆ) ನೋಡಿ ಹಾಕಿರುವುದಿಲ್ಲ. ನನ್ನ ಹತ್ತಿರ ಇರುವ ಒಂದು ಸಿಡಿಯಲ್ಲಿ ಗಾಯಕರು ದ್ರುತ್ ಚೀಜಿನ (ರಚನೆಯ) ಮುಖಡಾ (ಮೊದಲ ಸಾಲಿನ ಎತ್ತುಗಡೆ) ಎತ್ತಿಕೊಂಡು ಎರಡು ಮಾತ್ರೆ ಆದ ಮೇಲೆ ಟ್ರ್ಯಾಕ್ 2 ಶುರುವಾಗುತ್ತದೆ. ಸಿಡಿ ಹಾಕಿ ಕೇಳಿದರೆ ಗೊತ್ತೇ ಆಗುವುದಿಲ್ಲ. ಆ ದ್ರುತ್ ಫೈಲನ್ನು ಮಾತ್ರ ಹಚ್ಚಿದರೆ ಅರ್ಧ ಶಬ್ದದಿಂದ ಹಾಡು ಶುರುವಾಗುತ್ತದೆ. ಶಫಲ್ ಆದರಂತೂ ದೇವರೇ ಗತಿ. ವಿಲಂಬಿತದ ತುದಿಯಲ್ಲಿ ಒಂದು ತಾನ್ ಬಿಟ್ಟು ಉಸಿರು ಹಿಡಿದು ನಿಂತಾಗ ಇನ್ಯಾವುದೋ ಸಿಡಿಯ ಠುಮ್ರಿ ಬಂದು ಬಡಿಯುತ್ತದೆ.

ಬಡಾ ಖ್ಯಾಲ್ (ವಿಲಂಬಿತ), ಛೋಟಾ ಖ್ಯಾಲ್ (ದ್ರುತ್) ಎರಡನ್ನೂ ಸೇರಿಸಿ ಒಂದೇ ಫೈಲು ಮಾಡಿ. ಬೇರೆ ಮಾಡಲೇಬೇಡಿ.


ಹಳೇ ಟೇಪ್, ಹುಬ್ಬಳ್ಳಿ

ಭಲೇ ಬೆಟಗೇರಿ. ಇದು ಘರಾಣೆಯ (ಗಾಯನ ಪರಂಪರೆಯ) ಮೇಲೂ ಹೋಗುತ್ತದೆ ನೋಡು. ಗಂಗೂಬಾಯಿ, ಭೀಮಸೇನ ಇಬ್ಬರೂ ಕಿರಾಣಾದವರು, ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು. ಅತಿ ನಿಧಾನದ ಬಡಾ ಖ್ಯಾಲಿನಲ್ಲಿ ರಾಗವನ್ನು ಒಂದೊಂದೇ ಸ್ವರವಾಗಿ ಬಿಡಿಸಿ, ಆಮೇಲೆ ಛೋಟಾ ಖ್ಯಾಲಿಗೆ ಬರುತ್ತಾರೆ. ಅಲ್ಲಿ ಸಿಡಿಯವರು ಎರಡು ಟ್ರ್ಯಾಕ್ ಮಾಡಿರುತ್ತಾರೆ. ಮನಸೂರರು ಜೈಪುರ-ಅತ್ರೌಲಿಯವರು. ಅನೇಕ ಸಲ ಮಧ್ಯಲಯದ ಒಂದೇ ಚೀಜಿನಲ್ಲಿ ಇಡೀ ರಾಗ ಮುಗಿಸಿಬಿಡುತ್ತಾರೆ. ಅವರ ಸಿಡಿಗಳಲ್ಲಿ ಟ್ರ್ಯಾಕ್ ಅಂದರೆ ರಾಗವೇ ಆಗಿರುವುದು ಜಾಸ್ತಿ. ಎಲ್ಲ ಸಿಡಿಗೆ ಒಂದೇ ಕತ್ತರಿ ನಡೆಯುವುದಿಲ್ಲ. ಕೂತು ಕೇಳಬೇಕು. ಕೇಳಿಯೇ ಕತ್ತರಿಸಬೇಕು.


ದುರ್ಗದಬೈಲ್, ಹುಬ್ಬಳ್ಳಿ

ಬೆಟಗೇರಿಯವರ ಮಾತು ನನಗೆ ಹೊಸದು. ಮುಖಡಾ ಎರಡು ಮಾತ್ರೆ ತಪ್ಪುವುದನ್ನು ನಾನು ಗಮನಿಸಿರಲಿಲ್ಲ. ಅದನ್ನು ಓದಿದ ಮೇಲೆ ನನ್ನ ಕೆಲವು ಸಿಡಿ ಹಾಕಿ ನೋಡಿದೆ. ನಿಜ.

ಆದರೆ ಒಂದೇ ಫೈಲನ್ನು ನಾನು ಇನ್ನೂ ಬಿಡುವುದಿಲ್ಲ. ಯಾಕೆ ಅಂದರೆ, ನೀವು ಹೇಳುವ ಹಾಗೆ ರಾಗದ ಲೆಕ್ಕಕ್ಕೆ ಕತ್ತರಿಸಲು ಇಡೀ ಸಿಡಿಯ ಫೈಲೇ ಅನುಕೂಲ. ಕ್ಯೂ ಫೈಲಿನ ಒಂದು ನಕಲು ಮಾಡಿ. ಅದರಲ್ಲಿ ದ್ರುತ್ ಟ್ರ್ಯಾಕಿನ ಸಾಲುಗಳನ್ನು ಅಳಿಸಿ, ಮುಂದಿನ ಟ್ರ್ಯಾಕುಗಳ ನಂಬರ್ ಸರಿ ಮಾಡಿ. ಈ ತಿದ್ದಿದ ಕ್ಯೂ ಕೊಟ್ಟು ಕ್ಯೂಟೂಲ್ಸ್ ತಂತ್ರಾಂಶದಲ್ಲಿ ಕತ್ತರಿಸಿದರೆ ವಿಲಂಬಿತ, ದ್ರುತ್ ಎರಡೂ ತಾವಾಗಿ ಒಂದೇ ಫೈಲಿನಲ್ಲಿ ಬರುತ್ತವೆ. ಕತ್ತರಿಸುವ ಜಾಗ ಎರಡು ಸೆಕೆಂಡ್ ಹಿಂದೆ ಬೇಕಾದರೆ ಅಂಕಿ ತಿದ್ದಿದರೆ ಆಯಿತು. ತಂಬೂರಿಯವರು ಮಾಡಿಟ್ಟ 40 ಸಿಡಿಗಳ ಶ್ರಮ ವ್ಯರ್ಥವಾಗಿಲ್ಲ. ಅವು ಬೀಜದ ಕಾಳಿನ ಹಾಗೆ. ಎತ್ತಿಡಿ, ಮುಟ್ಟಬೇಡಿ. ಊಟಕ್ಕೆ ಬೇರೆ ತೆಗೆಯಿರಿ.

ಜಾಗದ ಚಿಂತೆ ಬೇಡ. ಸಿಡಿಯ ಸದ್ದು ಒಂದು ನಿಮಿಷಕ್ಕೆ ಸುಮಾರು 10 ಎಂಬಿ. ಫ್ಲಾಕ್ ಮಾಡಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಿಡಿಗೆ 350 ಎಂಬಿ ಅಂತ ಹಿಡಿದರೂ 212 ಸಿಡಿಗೆ 75 ಜಿಬಿ. ಎರಡೆರಡು ಪ್ರತಿ ಇಟ್ಟರೂ 150.


ಏಲಕ್ಕಿ ಮಾಲೆ, ಹಾವೇರಿ

ನನ್ನದು ಸಿಡಿ ಅಲ್ಲ, ಕ್ಯಾಸೆಟ್. ಆದರೂ ಹೇಳಲೇಬೇಕು.

ನಮ್ಮ ಅಜ್ಜ ಊರ ಜಾತ್ರೆಯಲ್ಲಿ ಗೀಗೀ ಪದ ರೆಕಾರ್ಡ್ ಮಾಡಿಕೊಂಡಿದ್ದರು. ಹರದೇಸಿ, ನಾಗೇಸಿ ಎರಡೂ ಮೇಳ. ಒಬ್ಬರು ಸವಾಲು ಹಾಕುವುದು, ಇನ್ನೊಬ್ಬರು ಜವಾಬು ಕೊಡುವುದು, ರಾತ್ರಿಯೆಲ್ಲ. 90 ನಿಮಿಷದ ಐದು ಕ್ಯಾಸೆಟ್. ಅವನ್ನು ಕಂಪ್ಯೂಟರಿಗೆ ಹಾಕಿಸಲು ಒಂದು ಅಂಗಡಿಗೆ ಕೊಟ್ಟೆವು. ಅವರು ಸದ್ದು ಕಡಿಮೆಯಾದಲ್ಲೆಲ್ಲ ತಾನಾಗಿ ಕತ್ತರಿಸುವ ಹಾಗೆ ಮಾಡಿ, ಮೂರು ನಾಲ್ಕು ನಿಮಿಷದ ನೂರಕ್ಕೂ ಹೆಚ್ಚು ಎಂಪಿ3 ತುಂಡು ಕೊಟ್ಟರು. ಹೆಸರು ಎಲ್ಲಕ್ಕೂ ಟ್ರ್ಯಾಕ್ 1, ಟ್ರ್ಯಾಕ್ 2. ಮೌನ ಇದ್ದ ಕಡೆಯೆಲ್ಲ ಸುಮ್ನೆ ತೆಗೆದುಹಾಕಿದ್ದರು. ಆ ಮೌನದಲ್ಲಿ ಜನ ನಕ್ಕಿದ್ದು, ಯಾರೋ "ಹಾಕಲೇ ಜವಾಬು" ಅಂತ ಕೂಗಿದ್ದು ಇತ್ತು. ಕ್ಯಾಸೆಟ್ ವಾಪಸ್ ಕೇಳಿದರೆ ಹಳೇ ಸಾಮಾನಿನ ಜೊತೆ ಹೋಗಿವೆ ಅಂದರು. ಅಜ್ಜ ಈಗಿಲ್ಲ. ಆ ಮೇಳದವರಲ್ಲಿ ಅನೇಕರೂ ಇಲ್ಲ.

ಗೀಗೀ ಪದ, ಲಾವಣಿ, ಕೀರ್ತನ, ದೊಡ್ಡಾಟ ಇಂಥವನ್ನು ದಯವಿಟ್ಟು ಕತ್ತರಿಸಬೇಡಿ. ಕತೆ ಹರಿಯುತ್ತಿರುತ್ತದೆ. ಕ್ಯಾಸೆಟ್ಟಿನ ಒಂದು ಬದಿಗೆ ಒಂದು ಫೈಲು, ಶುರುವಿನ ಗರಗರ ಸದ್ದಿನಿಂದ ಕೊನೆಯ ಕಟ್ ಅನ್ನುವ ಸದ್ದಿನವರೆಗೆ. ಮೂಲ ಕ್ಯಾಸೆಟ್ ಕೈ ಬಿಡಲೇಬೇಡಿ.


ಹಳೇ ಟೇಪ್, ಹುಬ್ಬಳ್ಳಿ

ಓದಿ ಹೊಟ್ಟೆ ಉರಿಯಿತು ಏಲಕ್ಕಿಯವರೇ. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಕ್ಯಾಸೆಟ್ಟಿಗೆ ನನ್ನ ರೂಢಿಯೂ ಅದೇ. ಬದಿಗೊಂದು ವೇವ್ ಫೈಲು, ನಡುವೆ ನಿಲ್ಲಿಸುವುದಿಲ್ಲ. ಆಮೇಲೆ ಅಡಾಸಿಟಿ ತಂತ್ರಾಂಶದಲ್ಲಿ ಲೇಬಲ್ ಹಾಕಿ ರಾಗಗಳನ್ನು ಬೇರೆ ಫೈಲಿಗೆ ತೆಗೆಯುತ್ತೇನೆ, ಮೂಲ ಫೈಲು ಹಾಗೇ ಇರುತ್ತದೆ. ಎ ಬದಿಯ ಕೊನೆಯಲ್ಲಿ ರಾಗ ಅರ್ಧಕ್ಕೆ ಮಸುಕಾಗಿ ಬಿ ಬದಿಯಲ್ಲಿ ಮತ್ತೆ ಏಳುತ್ತದಲ್ಲ, ಅದನ್ನು ಅಂಟಿಸಿ ಮುಚ್ಚಲು ಹೋಗಬೇಡಿ. ಅಲ್ಲಿ ಎಷ್ಟು ಹೋಗಿದೆ ಅಂತ ನಮಗೆ ಗೊತ್ತಿಲ್ಲ.


ಹೊಸ ಸದಸ್ಯ, ಗದಗ

ಮೇಡಂ, ಅಷ್ಟೊಂದು ಸಿಡಿ ರಿಪ್ ಮಾಡಿದ್ದೀರಿ, ಲಿಂಕ್ ಹಾಕಿದರೆ ನಾವೂ ಕೇಳುತ್ತಿದ್ದೆವು.


ತಂಬೂರಿ, ಧಾರವಾಡ

ಕ್ಷಮಿಸಿ, ಅದು ಆಗುವುದಿಲ್ಲ. ಅಪ್ಪ ದುಡ್ಡು ಕೊಟ್ಟು ಕೊಂಡದ್ದು, ಮನೆಯಲ್ಲಿ ಕೇಳಲು ಮಾಡಿಕೊಳ್ಳುತ್ತಿದ್ದೇನೆ. ಮನೆಗೆ ಬಂದರೆ ಅಮ್ಮ ಚಹಾ ಕೊಟ್ಟು ಕೇಳಿಸುತ್ತಾಳೆ.

ಎಲ್ಲರ ಮಾತು ಓದಿ ಮೂರು ಸಿಡಿ ಮಾಡಿ ನೋಡಿದೆ. ತಿದ್ದಿದ ಕ್ಯೂ ಉಪಾಯ ಚೆನ್ನಾಗಿ ಕೆಲಸ ಮಾಡಿತು. ಎಂಡಿ5 ಕೂಡ ತಾಳೆಯಾಯಿತು ಕಾಕಾ. ಆದರೆ ಎರಡು ಹೊಸ ತೊಂದರೆ. ಕ್ಯೂ ಫೈಲಿನಲ್ಲಿ ರಾಗದ ಹೆಸರು ಕನ್ನಡದಲ್ಲಿ ಬರೆದೆ. ಉಳಿಸಿ ತೆರೆದರೆ ಎಲ್ಲ ಪ್ರಶ್ನೆ ಚಿಹ್ನೆ. ಇನ್ನೊಂದು, ಫ್ಲಾಕ್ ಫೈಲಿಗೆ ಕನ್ನಡ ಹೆಸರು ಕೊಟ್ಟ ತಕ್ಷಣ ಕ್ಯೂ ಅದನ್ನು ಗುರುತಿಸುವುದೇ ಇಲ್ಲ.


ದುರ್ಗದಬೈಲ್, ಹುಬ್ಬಳ್ಳಿ

ಎರಡನೆಯದು ಸುಲಭ. ಕ್ಯೂ ಫೈಲಿನ ಒಳಗೆ ಫೈಲ್ ಅನ್ನುವ ಸಾಲಿನಲ್ಲಿ ಸದ್ದಿನ ಫೈಲಿನ ಹೆಸರು ಬರೆದಿರುತ್ತದೆ. ಹೊರಗೆ ಹೆಸರು ಬದಲಿಸಿದರೆ ಒಳಗೂ ಬದಲಿಸಬೇಕು. ಅದಕ್ಕೇ ಮೂಲ ಪ್ರತಿಯ ಹೆಸರು ಮುಟ್ಟಬೇಡಿ ಅಂದದ್ದು. ಮೊದಲನೆಯದಕ್ಕೆ, ಉಳಿಸುವಾಗ ಯುಟಿಎಫ್-8 (ಕನ್ನಡವನ್ನೂ ಉಳಿಸುವ ಸಂಕೇತ ಪದ್ಧತಿ) ಆರಿಸಿ, ಬಿಒಎಂ (ಫೈಲಿನ ಶುರುವಿನಲ್ಲಿ ಅದರ ಗುರುತು) ಇರುವುದನ್ನು. ಹಾಗೆ ಉಳಿಸಿದರೆ ಫೂಬಾರ್ ಕನ್ನಡ ಸರಿಯಾಗಿ ಓದುತ್ತದೆ.


ಹಳೇ ಟೇಪ್, ಹುಬ್ಬಳ್ಳಿ

ಹೆಸರಿನ ವಿಷಯ ಬಂತು ಅಂದರೆ ನಾನು ಸುಮ್ಮನಿರಲಾರೆ. ಕತ್ತರಿಸುವುದು ಒಂದು ಪಾಲು ಕೆಲಸ, ಹೆಸರು ಮೂರು ಪಾಲು.

ಮನಸೂರ, ಮನ್ಸೂರ್, ಮನ್ಸೂರ. ನನ್ನ ಡಿಸ್ಕಿನಲ್ಲಿ ಮೂರೂ ಇದ್ದವು. ಫೋನು ಮೂವರು ಗಾಯಕರು ಅಂತ ತೋರಿಸುತ್ತಿತ್ತು. ಮೊದಲ ದಿನವೇ ಒಂದು ಪಟ್ಟಿ ಬರೆದಿಟ್ಟುಕೊ. ಗಾಯಕರ ಹೆಸರು ಹೀಗೆ, ರಾಗದ ಹೆಸರು ಹೀಗೆ. ಭೀಮಪಲಾಸ ಅಂದರೆ ಎಲ್ಲ ಕಡೆ ಭೀಮಪಲಾಸ, ಒಂದು ಕಡೆ ಭೀಮಪಲಾಸಿ ಆಗಬಾರದು. ಎಂಪಿ3ಟ್ಯಾಗ್ ಅನ್ನುವ ತಂತ್ರಾಂಶದಲ್ಲಿ ಒಟ್ಟಿಗೆ ತಿದ್ದಬಹುದು.

ಕಣ್ಣಿಗೆ ಕಾಣದ ತಪ್ಪೂ ಇದೆ. ಜೋಶಿ ಅಂತ ಹುಡುಕಿದರೆ ಅರ್ಧ ಫೈಲುಗಳು ಸಿಗುತ್ತಲೇ ಇರಲಿಲ್ಲ. ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಾದದ್ದು, ಯುನಿಕೋಡಿನಲ್ಲಿ (ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿಯಲ್ಲಿ) ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರು ಸಂಕೇತವಾಗಿಯೂ ಬರೆಯಬಹುದು. ನೋಡಲು ಎರಡೂ ಜೋಶಿಯೇ. ಮಗನ ಮ್ಯಾಕ್‌ನಿಂದ ಬಂದ ಫೈಲುಗಳಲ್ಲಿ ಬಿಡಿಸಿದ ರೂಪ ಇತ್ತು. ಒಂದೇ ಯಂತ್ರದಲ್ಲಿ, ಒಂದೇ ಕೀಲಿಮಣೆಯಿಂದ ಹೆಸರು ಹಾಕಿದರೆ ಈ ಕಾಟ ಇಲ್ಲ.

ಹೆಸರು ಉದ್ದ ಮಾಡಬೇಡ. ಲಿನಕ್ಸಿನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಹಿಡಿಯುತ್ತದೆ. ಅಂದರೆ 85 ಸಂಕೇತಕ್ಕೆ ಮುಗಿಯಿತು. ಒತ್ತಕ್ಷರ, ಗುಣಿತ ಎಲ್ಲ ಸೇರಿಸಿ ಲೆಕ್ಕ ಹಾಕು. ಫೈಲಿಗೆ ನಂಬರು, ರಾಗ, ಗಾಯಕ ಇಷ್ಟು ಸಾಕು. ತಬಲಾ ಯಾರು, ಹಾರ್ಮೋನಿಯಂ ಯಾರು, ತಾಳ ಯಾವುದು ಎಲ್ಲವನ್ನೂ ಟ್ಯಾಗಿನ (ಫೈಲಿನೊಳಗಿನ ವಿವರದ) ಒಳಗೆ ಬರೆ. ಫ್ಲಾಕಿನಲ್ಲಿ ನಿನಗೆ ಬೇಕಾದ ಹೆಸರಿನ ಖಾನೆ ಮಾಡಿಕೊಳ್ಳಬಹುದು. ಜೊತೆಗಾರರ ಹೆಸರು ಬಿಡಬೇಡ. ಸಿಡಿಯ ಹಿಂದೆ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಆ ಕಾಗದ ಹೋದರೆ ಆ ಹೆಸರೂ ಹೋಯಿತು.

ಹಳೆಯ ಗ್ರಾಮಫೋನ್ ಪ್ಲೇಟಿನಿಂದ ಮಾಡಿದ ಸಿಡಿ ಇದ್ದರೆ ಇನ್ನೂ ಎಚ್ಚರ. ಗಂಗೂಬಾಯಿಯವರ ಮೊದಮೊದಲ ಪ್ಲೇಟುಗಳು ಗಾಂಧಾರಿ ಅನ್ನುವ ಹೆಸರಿನಲ್ಲಿ ಬಂದಿದ್ದವು. ಗಾಯಕರ ಖಾನೆಯಲ್ಲಿ ಗಂಗೂಬಾಯಿ ಹಾನಗಲ್ ಅಂತಲೇ ಹಾಕು, ಪ್ಲೇಟಿನ ಮೇಲಿದ್ದ ಹೆಸರನ್ನು ಟಿಪ್ಪಣಿಯಲ್ಲಿ ಬರೆ. ಆ ಪ್ಲೇಟುಗಳಲ್ಲಿ ಒಂದು ಬದಿ ಮೂರು ನಿಮಿಷ ಚಿಲ್ಲರೆ. ಅಲ್ಲಿ ಕತ್ತರಿಯ ಮಾತೇ ಇಲ್ಲ, ಪ್ರತಿಯೊಂದೂ ಪೂರ್ತಿ ರಾಗವೇ.


ಚಿಗರಿ ಪ್ರಯಾಣಿಕ, ಧಾರವಾಡ

ಕಾರಿನಲ್ಲಿ ಕೇಳುವವರಿಗೆ ಒಂದು ಮಾತು. ಅಣ್ಣನ ಕಾರಿನ ಸ್ಟೀರಿಯೋ ಕ್ಯೂ ಓದುವುದಿಲ್ಲ, ಕನ್ನಡ ಅಕ್ಷರದ ಬದಲು ಚೌಕ ತೋರಿಸುತ್ತದೆ. ಪೆನ್‌ಡ್ರೈವಿಗೆ ಬೇರೆ ಪ್ರತಿ ಮಾಡಿ, ಹೆಸರಿನ ಮುಂದೆ 01, 02 ಅಂತ ಹಾಕಿಕೊಂಡೆವು. ನಂಬರ್ ನೋಡಿ ಹಚ್ಚುತ್ತೇವೆ.


ತಂಬೂರಿ, ಧಾರವಾಡ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ರಿಪ್ ಆದವುಗಳಲ್ಲಿ 31 ಸಿಡಿಗಳನ್ನು ರಾಗದ ಲೆಕ್ಕಕ್ಕೆ ಕತ್ತರಿಸಿ ಮುಗಿದಿವೆ. ಇಡೀ ಸಿಡಿಯ ಫೈಲು, ಕ್ಯೂ, ರಿಪ್ ಮಾಡಿದಾಗಿನ ಲಾಗ್, ಸಿಡಿಯ ಹಿಂದು ಮುಂದಿನ ಫೋಟೋ ಇವೆಲ್ಲ ಒಂದು ಡಿಸ್ಕಿನಲ್ಲಿ. ಅದನ್ನು ಅಪ್ಪನ ಕಪಾಟಿನಲ್ಲಿ ಇಟ್ಟಿದ್ದೇನೆ. ಕೇಳಲು ರಾಗಕ್ಕೊಂದು ಫೈಲು. ಅಮ್ಮನ ಫೋನಿನಲ್ಲಿ ಸಿಡಿಗಳ ಹೆಸರೇ ಇಲ್ಲ ಈಗ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ನಾಲ್ಕು ಫೋಲ್ಡರ್. ಯಾವ ರಾಗ ಯಾವುದಕ್ಕೆ ಅಂತ ಅಮ್ಮನೇ ಹೇಳಿದಳು, ನಾನು ಹಾಕಿದೆ. ಭೈರವಿ ಮಾತ್ರ ಎಲ್ಲಿಗೆ ಅಂತ ಸ್ವಲ್ಪ ವಾದ ಆಯಿತು. ಬೆಳಗಿನ ರಾಗ ನಿಜ, ಆದರೆ ಕಛೇರಿಯ ಕೊನೆಗೆ ಹಾಡುತ್ತಾರಲ್ಲ. ಎರಡೂ ಕಡೆ ಹಾಕಿದೆ.

ಒಂದು ಪ್ರಶ್ನೆ ಉಳಿದಿದೆ. ಒಂದು ಕಛೇರಿಯ ಸಿಡಿಯಲ್ಲಿ ಪೂರಿಯಾ ಮುಗಿದು ಉದ್ದ ಚಪ್ಪಾಳೆ. ಚಪ್ಪಾಳೆ ನಡುವೆಯೇ ತಂಬೂರಿ ಸರಿ ಮಾಡುವ ಸದ್ದು, ಆಮೇಲೆ ಠುಮ್ರಿ. ಎಲ್ಲಿ ಕತ್ತರಿಸಲಿ?


ಬೆಟಗೇರಿ, ಗದಗ

ಚಪ್ಪಾಳೆ ಪೂರಿಯಾಕ್ಕೆ ಸೇರಿದ್ದು ಅಕ್ಕಾ. ತಂಬೂರಿ ಸರಿ ಮಾಡುವುದು ಠುಮ್ರಿಗೆ. ಚಪ್ಪಾಳೆ ತಗ್ಗಿ ತಂತಿ ಸ್ಪಷ್ಟವಾಗಿ ಕೇಳುವ ಜಾಗ ಹಿಡಿಯಿರಿ.


ದುರ್ಗದಬೈಲ್, ಹುಬ್ಬಳ್ಳಿ

ಎಕ್ಸಾಕ್ಟ್ ಆಡಿಯೋ ಕಾಪಿ ಕೂಡ ಟ್ರ್ಯಾಕ್ ಮಾಡುವಾಗ ನಡುವಿನ ಭಾಗವನ್ನು ಹಿಂದಿನ ಟ್ರ್ಯಾಕಿಗೇ ಸೇರಿಸುತ್ತದೆ. ಅದಕ್ಕೆ ಬಿಟ್ಟಿದ್ದರೆ ತಂಬೂರಿ ಸರಿ ಮಾಡುವುದೂ ಪೂರಿಯಾದ ಬಾಲಕ್ಕೆ ಹೋಗುತ್ತಿತ್ತು. ಇಡೀ ಫೈಲು ಇದ್ದದ್ದಕ್ಕೆ ನೀವು ಆರಿಸಬಹುದು.


ತಂಬೂರಿ, ಧಾರವಾಡ

ಬೆಟಗೇರಿ ಹೇಳಿದ ಜಾಗಕ್ಕೇ ಕತ್ತರಿಸಿದೆ. 41 ನಿಮಿಷ 7 ಸೆಕೆಂಡಿಗೆ ಚಪ್ಪಾಳೆ ತಗ್ಗುತ್ತದೆ, ಪಂಚಮದ ತಂತಿ ಒಂದೇ ಕೇಳುತ್ತದೆ. ಅಲ್ಲಿಂದ ಶುರುವಾದರೆ ಠುಮ್ರಿಗೆ ಒಳ್ಳೆಯ ಎತ್ತುಗಡೆ ಸಿಕ್ಕಿತು.

ಕಾಕಾ, ಬೂಷ್ಟು ಹಿಡಿದ ಆ ನಾಲ್ಕು ಕ್ಯಾಸೆಟ್‌ಗಳನ್ನು ಡೆಕ್ಕಿಗೆ ಹಾಕುವ ಧೈರ್ಯ ನನಗಿಲ್ಲ. ಒಂದರ ಮೇಲೆ ಅಪ್ಪನ ಅಕ್ಷರದಲ್ಲಿ "ರೇಡಿಯೋ, ರಾಜಗುರು" ಅಂತ ಮಾತ್ರ ಇದೆ.


ಹಳೇ ಟೇಪ್, ಹುಬ್ಬಳ್ಳಿ

ಹಾಕಲೇಬೇಡ. ಬೂಷ್ಟು ಡೆಕ್ಕಿನ ಹೆಡ್ಡಿಗೆ (ಟೇಪ್ ಓದುವ ಭಾಗಕ್ಕೆ) ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಫಾಸ್ಟ್ ಫಾರ್ವರ್ಡ್ ಕೂಡ ಮಾಡಬೇಡ, ರೀಲು ಒಂದಕ್ಕೊಂದು ಅಂಟಿದ್ದರೆ ಹರಿದುಹೋಗುತ್ತದೆ. ಬೇರೆ ಕ್ಯಾಸೆಟ್‌ಗಳಿಂದ ದೂರ, ಒಣಗಿದ ಜಾಗದಲ್ಲಿ ಇಡು. ಭಾನುವಾರ ನಾಲ್ಕನ್ನೂ ಒಂದು ಡಬ್ಬಿಗೆ ಹಾಕಿ ಚಿಗರಿ ಹತ್ತಿ ಬಾ. ನನ್ನ ಹತ್ತಿರ ಸ್ವಚ್ಛ ಮಾಡಲಿಕ್ಕೇ ಅಂತ ಎತ್ತಿಟ್ಟ ಹಳೆಯ ಡೆಕ್ ಇದೆ, ಖಾಲಿ ಕ್ಯಾಸೆಟ್ಟಿನ ಚಿಪ್ಪುಗಳೂ ಇವೆ. ರಾಜಗುರು ಇರುವ ಆ ಕ್ಯಾಸೆಟ್ಟಿನಿಂದ ಶುರು ಮಾಡೋಣ. ಅಮ್ಮನನ್ನೂ ಕರೆದುಕೊಂಡು ಬಾ, ರಾಗ ಯಾವುದು ಅಂತ ಅವರೇ ಹೇಳಬೇಕು.